ಹನ್ನೆರಡನೆಯ ಉಳಿ

ಉಡಚಮ್ಮನಿಗೆ ಹೊಸಬರ ಮೇಲೆ ನಂಬಿಕೆ ಇರಲಿಲ್ಲ. ಹಳಬರ ಮೇಲೂ ಅಷ್ಟಕ್ಕಷ್ಟೆ. ಹರಿಗೋಲಿನವನು ನಗುತ್ತ ಮಾತಾಡಿಸಿದರೆ ಇವನೇಕೆ ನಗುತ್ತಾನೆ ಎಂದು ಅವಳ ಹುಬ್ಬು ಗಂಟಾಗುತ್ತಿತ್ತು. ಅವನು ಸುಮ್ಮನಾದರೆ, ಈಗೇಕೆ ಸುಮ್ಮನಾದ ಎಂದು ಆ ಗಂಟು ಇನ್ನಷ್ಟು ಬಿಗಿಯುತ್ತಿತ್ತು. ಇಂಥ ಹೆಂಗಸು ಗಂಡನನ್ನೂ ಒಂಬತ್ತು ವರ್ಷದ ಮಗಳನ್ನೂ ಕಟ್ಟಿಕೊಂಡು, ಕಂಪ್ಲಿಯ ಹತ್ತಿರ ಹೊಳೆ ದಾಟಿ, ಬ್ರಿಟಿಷ್ ಸರ್ಕಾರದ ನೆಲ ಬಿಟ್ಟು ನಿಜಾಮರ ಸೀಮೆಗೆ ಬಂದಳೆಂದರೆ ಅದು ಸಣ್ಣ ಮಾತಲ್ಲ. ಅದು ಸಾವಿರದ ಒಂಬೈನೂರ ಮೂವತ್ತೇಳನೆಯ ಇಸವಿಯ ಬೇಸಿಗೆ. ಹೊಳೆಯಲ್ಲಿ ನೀರು ಕಡಿಮೆಯಿತ್ತು, ಅವಳ ಅನುಮಾನಕ್ಕೆ ಮಾತ್ರ ಏನೂ ಕಡಿಮೆಯಿರಲಿಲ್ಲ.

ಆಚೆ ದಡದಲ್ಲಿ ಅನ್ನ ಹುಟ್ಟುತ್ತಿದ್ದರೆ ಅವಳು ಬರುತ್ತಲೇ ಇರಲಿಲ್ಲ. ಅವರದು ಕಲ್ಲಿನ ಕೆಲಸದ ಮನೆತನ. ಗಂಡ ಓಬಳೆಪ್ಪ ಕಲ್ಲು ಒಡೆದು ಬಾವಿ ಕಟ್ಟುತ್ತಿದ್ದ. ಅವಳು ಮನೆಮನೆಗೆ ಹೋಗಿ, ಸವೆದು ನುಣ್ಣಗಾದ ಬೀಸುಕಲ್ಲುಗಳನ್ನು ಉಳಿಯಿಂದ ಕಟೆದು ಹೊಸದಾಗಿ ಹಲ್ಲು ಹಾಕಿಕೊಡುತ್ತಿದ್ದಳು. ನಾಲ್ಕು ವರ್ಷದ ಹಿಂದೆ ಊರಿನ ಸಾಹುಕಾರನ ಮನೆಗೆ ಕನ್ನ ಬಿದ್ದು, ಗೋಡೆಯ ಬುಡದಲ್ಲಿ ಓಬಳೆಪ್ಪನ ಅಪ್ಪನ ಉಳಿ ಸಿಕ್ಕಿತು. ಆ ಉಳಿ ಕಳುವಾಗಿ ಎಂಟು ದಿನವಾಗಿತ್ತು. ಒಂದು ಉಳಿಗೆ ಯಾಕೆ ಬೊಬ್ಬೆ ಹೊಡೆಯಬೇಕು ಎಂದು ಮುದುಕ ಯಾರಿಗೂ ಹೇಳಿರಲಿಲ್ಲ. ಹೇಳದೆ ಇದ್ದದ್ದಕ್ಕೆ ಆರು ತಿಂಗಳು ಜೈಲು. ಕಚೇರಿಯವರು ಉಳಿಯನ್ನು ವಾಪಸು ಕೊಟ್ಟರು, ಮರ್ಯಾದೆಯನ್ನು ಕೊಡಲಿಲ್ಲ. ಮುದುಕ ಹೊರಗೆ ಬಂದವನು ಕೆಮ್ಮಿ ಕೆಮ್ಮಿ ಮುಂದಿನ ಮಳೆಗಾಲದೊಳಗೇ ಹೋಗಿಬಿಟ್ಟ. ಆಮೇಲೆ ಅವರ ಮನೆಗೆ ಕಳ್ಳರ ಮನೆ ಎಂದು ಹೆಸರಾಯಿತು, ಕೆಲಸಕ್ಕೆ ಕರೆಯುವವರು ಇಲ್ಲವಾದರು.

ಅಂದಿನಿಂದ ಉಡಚಮ್ಮ ದಿನಾ ಸಂಜೆ ದೀಪ ಹಚ್ಚಿದ ಮೇಲೆ ಉಳಿಗಳನ್ನು ಎಣಿಸುತ್ತಿದ್ದಳು. ಹನ್ನೆರಡು. ಎಣಿಸಿ, ಗೋಣಿಚೀಲದಲ್ಲಿ ಸುತ್ತಿ, ತಲೆದಿಂಬಿನಂತೆ ಇಟ್ಟುಕೊಂಡು ಮಲಗುವಳು. ಕಬ್ಬಿಣದ ಮೇಲೆ ತಲೆಯಿಟ್ಟು ಮಲಗಿದವರಿಗೆ ಎಂಥ ನಿದ್ದೆ ಬಂದೀತು!

ಈಚೆ ದಡದಲ್ಲಿ ನಿಜಾಮ ಸರ್ಕಾರದ ಸುಂಕದ ನಾಕೆ. ಅಲ್ಲಿಯ ಜವಾನ ಚೀಲ ಬಿಚ್ಚಿಸಿ, ಉಳಿಗಳನ್ನು ನೆಲಕ್ಕೆ ಸುರುವಿ, ಒಂದೊಂದನ್ನೇ ಎಣಿಸಿ ಉರ್ದುವಿನಲ್ಲಿ ಚೀಟಿ ಬರೆದುಕೊಟ್ಟ.

"ಬಾರಾ, ಹನ್ನೆರಡು ಉಳಿ. ವಾಪಸ್ ಹೋಗೂವಾಗ ಬಾರಾನೂ ತೋರಿಸ್ಬೇಕು. ಒಂದು ಕಮ್ಮಿ ಆದ್ರೂ ಇಲ್ಲಿ ಮಾರಿದ್ರಿ ಅಂತ ನಾಕೆ ದಾಟಿಸೂದಿಲ್ಲ, ತಿಳೀತೇನು?" ಎಂದ.

ಉಡಚಮ್ಮನಿಗೆ ಚೆನ್ನಾಗಿಯೇ ತಿಳಿಯಿತು. ಚೀಟಿಯನ್ನು ಸೀರೆಯ ಸೆರಗಿಗೆ ಗಂಟು ಹಾಕಿದಳು. ಈ ಸೀಮೆಯಲ್ಲಿ ಏನಾದರೂ ಹೆಚ್ಚುಕಡಿಮೆ ಕಂಡರೆ ಅದೇ ದಿನ ಹಿಂದಕ್ಕೆ ಹೊರಡುವುದೆಂದು ಅವಳು ಮನಸ್ಸಿನಲ್ಲಿ ಆಗಲೇ ತೀರ್ಮಾನಿಸಿದ್ದಳು. ಅದನ್ನು ಗಂಡನಿಗೆ ಹೇಳಿರಲಿಲ್ಲ.

ನಾಕೆಯ ಹೊರಗೆ ಗೋಣೆಪ್ಪ ಗಾಡಿ ಹೂಡಿಕೊಂಡು ಕಾದಿದ್ದ. ಕುಕನೂರಿನ ಪಕ್ಕದ ಹಳ್ಳಿಯ ಪೊಲೀಸ್ ಪಾಟೀಲ ಯಮನೂರಪ್ಪಗೌಡ ತನ್ನ ಹೊಲದಲ್ಲಿ ಬಾವಿ ಕಟ್ಟಿಸಲು ಇವರನ್ನು ಕರೆಸಿದ್ದ. ಗೋಣೆಪ್ಪ ಅವನ ಊರಿನ ಗಾಡಿಯವನು. ಐವತ್ತು ದಾಟಿದ ಆಸಾಮಿ, ಮಾತು ಕಡಿಮೆ. ಅವನಲ್ಲಿ ಉಡಚಮ್ಮ ಮೊದಲು ಕಂಡದ್ದು ಅವನ ಕಣ್ಣನ್ನು. ಅದು ಮತ್ತೆ ಮತ್ತೆ ಉಳಿಯ ಚೀಲದ ಕಡೆಗೇ ಹೊರಳುತ್ತಿತ್ತು. ಅವಳು ಚೀಲವನ್ನು ತೊಡೆಯ ಮೇಲೆ ಎಳೆದುಕೊಂಡು ಕುಳಿತಳು.

ಗಂಗಾವತಿ ಹಿಂದಾಗಿ, ಎರಡನೆಯ ದಿನ ಕೊಪ್ಪಳ ಬಂತು. ಗೋಣೆಪ್ಪ ಎತ್ತುಗಳನ್ನು ನಿಲ್ಲಿಸಿ ಬೆಟ್ಟದ ಮೇಲಿನ ಕೋಟೆಯ ಕಡೆ ಕೈ ತೋರಿಸಿದ.

"ಅಗಾ ನೋಡ್ರಿ ಕಿಲ್ಲೆ. ಹತ್ತಿ ನೋಡ್ಕೊಂಡು ಹೋಗೂಣು. ಹೊಸಾ ಸೀಮಿಗೆ ಬಂದೀರಿ, ಹುಡುಗಿಗೂ ಖುಷಿ ಆಗತೈತಿ."

"ಕಿಲ್ಲೆ ನೋಡಿ ನಮಗೇನಾಗಬೇಕಾಗೈತಿ?" ಎಂದಳು ಉಡಚಮ್ಮ.

ಅಷ್ಟರಲ್ಲಿ ಮಗಳು ಹಂಪವ್ವ ಇಳಿದು ಓಡಿಯಾಗಿತ್ತು, ಅವಳ ಹಿಂದೆ ಓಬಳೆಪ್ಪ. ಉಡಚಮ್ಮ ಗಾಡಿಯಲ್ಲಿ ಒಬ್ಬಳೇ ಕೂರುವಳೆ? ಚೀಲ ಬಿಟ್ಟು ಹೋಗುವಳೆ? ಅರ್ಧ ಮಣ ಕಬ್ಬಿಣವನ್ನು ತಲೆಯ ಮೇಲೆ ಹೊತ್ತುಕೊಂಡೇ ಬೆಟ್ಟ ಹತ್ತಿದಳು. ಕಿಲ್ಲೆ ನೋಡಲು ಬಂದಿದ್ದ ನಾಲ್ಕು ಜನ ಕಿಲ್ಲೆ ಬಿಟ್ಟು ಇವಳನ್ನು ನೋಡಿದರು. ಮೇಲೆ ಹೋದಾಗ ಹಂಪವ್ವ, "ಅವ್ವಾ, ನಮ್ಮ ಹೊಳಿ ಎಲ್ಲೈತಿ?" ಎಂದು ಕೇಳಿದಳು. ಉಡಚಮ್ಮ ನಾಲ್ಕೂ ದಿಕ್ಕಿಗೆ ಕಣ್ಣು ಹಾಯಿಸಿದಳು. ಬಂಡೆ, ಹೊಲ, ದೂಳು. ಹೊಳೆ ಎಲ್ಲಿಯೂ ಕಾಣಲಿಲ್ಲ. ಮಗಳ ಕೈಯನ್ನು ಬಿಗಿಯಾಗಿ ಹಿಡಿದುಕೊಂಡಳು.

ಊರು ಮುಟ್ಟಿದ ದಿನ ಪಕ್ಕದ ಮನೆಯ ಹಜರತಬೀ ಬಿಸಿ ರೊಟ್ಟಿ, ಪುಂಡಿಪಲ್ಯ ತಂದಿಟ್ಟಳು. ಹಂಪವ್ವ ಕೈ ಚಾಚಿದ್ದೇ ತಡ, ಉಡಚಮ್ಮ ಅವಳ ತೊಡೆ ಚಿವುಟಿದಳು.

"ನೀವೂ ಒಂದು ತುತ್ತು ತಗೋರಿ," ಎಂದು ಹಜರತಬೀಗೆ ಹೇಳಿದಳು.

ಹಜರತಬೀ ದಡ್ಡಿಯಲ್ಲ. ನಗುತ್ತ ರೊಟ್ಟಿಯ ಅಂಚು ಮುರಿದು, ಪಲ್ಯ ಹಚ್ಚಿ, ಬಾಯಿಗೆ ಹಾಕಿಕೊಂಡು, ನುಂಗಿ ಬಾಯಿ ತೆರೆದು ತೋರಿಸಿದಳು. ಓಬಳೆಪ್ಪನಿಗೆ ನಾಚಿಕೆಯಿಂದ ತಲೆ ಎತ್ತಲಾಗಲಿಲ್ಲ. ಉಡಚಮ್ಮನಿಗೆ ನಾಚಿಕೆಯೇನೂ ಆಗಲಿಲ್ಲ, ಹಸಿವೆ ಮಾತ್ರ ಆಯಿತು.

ಮರುದಿನ ಯಮನೂರಪ್ಪಗೌಡ ಚಾವಡಿಗೆ ಕರೆಸಿದ.

"ಅಮಾಸಿ ಮುಂದ ಬಂದೈತಿ," ಎಂದ. "ಅದು ಕಳದ ಮ್ಯಾಲ ಪೂಜಿ ಮಾಡಿ ಬಾವಿ ಕೆಲಸ ಹಿಡಿಯೂದು. ಅಲ್ಲೀತನಕ ಸುಮ್ಮ ಕುಂತು ಏನ್ ಮಾಡ್ತೀರಿ? ಗೋಣೆಪ್ಪನ ಗಾಡಿ ಖಾಲಿ ಐತಿ. ನಮ್ಮ ಸೀಮಿ ನೋಡ್ಕೊಂಡು ಬರ್ರಿ."

ಕೂಲಿಗೆ ಬಂದವರಿಗೆ ಗಾಡಿ ಕಟ್ಟಿಸಿ ಊರು ತೋರಿಸುವ ಗೌಡ ಯಾವ ಲೋಕದಲ್ಲಿದ್ದಾನೆ? ತಮ್ಮನ್ನು ಊರೂರು ಮೆರೆಸಿ, ನಾಲ್ಕು ಜನರಿಗೆ ಮುಖ ಗುರುತು ಹಿಡಿಸಿ, ನಾಳೆ ಎಲ್ಲಾದರೂ ಕಳುವಾದರೆ ಬೆರಳು ತೋರಿಸಲು ಅನುಕೂಲ ಮಾಡಿಕೊಳ್ಳುತ್ತಿದ್ದಾನೆ ಎಂದುಕೊಂಡಳು ಉಡಚಮ್ಮ. ಗಂಡನಿಗೆ ಹೇಳಿದರೆ, "ನಿನ್ನ ತಲ್ಯಾಗ ಎಷ್ಟು ಹುಳ ಅದಾವ?" ಎಂದು ಗೋಡೆಯ ಕಡೆ ತಿರುಗಿ ಮಲಗಿದ.

ಮೊದಲು ಕುಕನೂರು. ಮಹಾಮಾಯಿಯ ಗುಡಿ, ಒಂಬತ್ತು ಲಿಂಗದ ಗುಡಿ, ಸಂತೆ. ಹಂಪವ್ವನಿಗೆ ಬಳೆ ತೊಡಿಸಿದಾಗ ಬಳೆಗಾರ ಕೊಟ್ಟ ಚಿಲ್ಲರೆಯಲ್ಲಿ ರಾಜನ ಮುಖವಿರಲಿಲ್ಲ, ಎತ್ತರದ ಗೋಪುರಗಳ ಚಿತ್ರವಿತ್ತು. ಉಡಚಮ್ಮ ಅದನ್ನು ಹಲ್ಲಿನಿಂದ ಕಚ್ಚಿ ನೋಡಿಯೇ ಸೆರಗಿಗೆ ಸೇರಿಸಿದಳು. ಚೀಲ ಅಲ್ಲಿಯೂ ತಲೆಯ ಮೇಲೆಯೇ ಇತ್ತು. "ಏನಬೇ ಅದು, ಬಂಗಾರೇನು?" ಎಂದು ಸಂತೆಯವರು ನಕ್ಕರು. ಗೋಣೆಪ್ಪ ಮಾತ್ರ ನಗದೆ, "ತಂಗೆವ್ವಾ, ಚೀಲ ನಾ ಹಿಡ್ಕೋಲೇನು?" ಎಂದ. ಅವಳು ಎರಡು ಹೆಜ್ಜೆ ಹಿಂದೆ ಸರಿದಳು.

ಆಮೇಲೆ ಇಟಗಿ. ಊರ ಹೊರಗೆ ಆಡುಗಳು ಮೇಯುವ ಬಯಲಿನಲ್ಲಿ ಮಹಾದೇವನ ಗುಡಿ ನಿಂತಿತ್ತು. ಓಬಳೆಪ್ಪ ಒಳಗೆ ಕಾಲಿಟ್ಟವನು ಒಂದು ಕಂಬದ ಮುಂದೆ ನಿಂತುಬಿಟ್ಟ. ಬೆರಳ ಹಿಂಬದಿಯಿಂದ ತಟ್ಟಿದ, ಕಿವಿಗೊಟ್ಟು ಕೇಳಿದ, ಕೆನ್ನೆ ಆನಿಸಿದ. ಕಪ್ಪು ಕಲ್ಲಿನ ಆ ನುಣುಪಿನಲ್ಲಿ ಅವನ ಮುಖ ಮಸುಕಾಗಿ ಕಾಣುತ್ತಿತ್ತು. ಹುಟ್ಟಿದಾಗಿನಿಂದ ಗಟ್ಟಿ ಬೆಣಚುಕಲ್ಲಿನ ಜೊತೆ ಗುದ್ದಾಡಿದವನು ಅವನು. ಕಲ್ಲು ಹೀಗೂ ಮಾತು ಕೇಳುತ್ತದೆ ಎಂದು ಯಾರೂ ಅವನಿಗೆ ಹೇಳಿರಲಿಲ್ಲ.

"ಹಸಿವಾಗೈತಿ," ಎಂದಳು ಹಂಪವ್ವ. ಬುತ್ತಿ ಬಿಚ್ಚಲು ಪುಷ್ಕರಣಿಯ ಮೆಟ್ಟಿಲೇ ತಂಪಾದ ಜಾಗ.

"ನೀವು ನಡೀರಿ. ಚೀಲ ಇಲ್ಲೇ ಇರಲಿ, ನಾ ನೋಡ್ಕೋತೀನಿ," ಎಂದ ಓಬಳೆಪ್ಪ. ಗಂಡನ ಕೈಯಲ್ಲಿ ಚೀಲ ಬಿಟ್ಟು ಅವಳು ಮಗಳೊಂದಿಗೆ ಇಳಿದುಹೋದಳು. ಅವರು ಉಂಡು ಮೇಲೆ ಬರುವಷ್ಟರಲ್ಲಿ ಚೀಲ ಗಾಡಿ ಸೇರಿತ್ತು. ಅದರ ಪಕ್ಕದಲ್ಲಿ ಗೋಣೆಪ್ಪ ಕುಳಿತಿದ್ದ. ಓಬಳೆಪ್ಪ ಇನ್ನೂ ಗುಡಿಯೊಳಗಿದ್ದ. ಉಡಚಮ್ಮ ಓಡಿಬಂದು ಚೀಲವನ್ನು ತನ್ನ ಕಡೆಗೆ ಎಳೆದುಕೊಂಡಳು.

ಹಿಂದಿರುಗುವ ದಾರಿಯಲ್ಲಿ ಗೌಡನ ಕಲ್ಲುಗಣಿ. ಬಾವಿಗೆ ಕಲ್ಲು ಆರಿಸಬೇಕಿತ್ತು, ಓಬಳೆಪ್ಪ ಅಲ್ಲಿಯೇ ಇಳಿದ. "ರಾತ್ರಿ ಇಲ್ಲೇ ಕೆಲಸದವರ ಸಂಗಾಟ ಇರತೀನಿ, ನಾಳೆ ಬರತೀನಿ," ಎಂದು ಬರಿಗೈಯಲ್ಲಿ ನಡೆದುಹೋದ. ಅವನ ಕೈ ಬರಿದಾಗಿದ್ದುದನ್ನು ಉಡಚಮ್ಮ ಕಣ್ಣಾರೆ ಕಂಡಳು.

ಸಂಜೆ ದೀಪ ಹಚ್ಚಿ ಎಣಿಸಿದಳು. ಹನ್ನೊಂದು.

ಮತ್ತೊಮ್ಮೆ ಎಣಿಸಿದಳು. ಚೀಲ ಒಳಹೊರಗು ಮಾಡಿ ಜಾಡಿಸಿದಳು. ಹಂಪವ್ವನ ಕೈಯಲ್ಲೂ ಎಣಿಸಿಸಿದಳು. ಇಲ್ಲದ್ದು ಮಾವನ ಉಳಿ, ಹಿಡಿಯ ಬಳಿ ಸವೆದು ಸೊಂಟದಂತೆ ಬಳುಕಿದ ಉಳಿ. ಕನ್ನದ ಗೋಡೆಯ ಬುಡದಲ್ಲಿ ಸಿಕ್ಕಿದ್ದೂ ಅದೇ. ಆಚೆ ದಡದಲ್ಲಿ ಆದದ್ದೇ ಈಚೆಯೂ ಆಗಲಿದೆ, ನಾಳೆಯೋ ನಾಡಿದ್ದೋ ಯಾರದೋ ಒಡೆದ ಗೋಡೆಯ ಬಳಿ ಆ ಉಳಿ ಸಿಗಲಿದೆ. ಜೈಲಿಗೆ ಹೋಗುವವನು ಈ ಸಲ ಅವಳ ಗಂಡ. ಮಾವ ಬಾಯಿ ಮುಚ್ಚಿಕೊಂಡು ಕೆಟ್ಟ. ತಾನು ಮುಚ್ಚುವುದಿಲ್ಲ ಎಂದು ಬೆಳಗಾಗುವುದನ್ನೇ ಕಾದಳು.

ಬೆಳಿಗ್ಗೆ ಚಾವಡಿಯ ಮುಂದೆ ನಿಂತು ಊರಿಗೆಲ್ಲ ಕೇಳುವಂತೆ ಕೂಗಿದಳು.

"ಗೌಡ್ರ, ನಮ್ಮ ಉಳಿ ಕಳುವಾಗೈತ್ರಿ! ಎಲ್ಲಾರೂ ಕೇಳ್ರಿ! ನಾಳಿ ಎಲ್ಲೆರ ಸಿಕ್ರ ಅದು ನಾವು ಒಯ್ದಿಟ್ಟದ್ದಲ್ಲ!"

ಯಮನೂರಪ್ಪಗೌಡ ಎಲೆಯಡಿಕೆ ಉಗಿದು ಹೊರಗೆ ಬಂದ. ಜನ ಕೂಡಿದರು. ಒಂದು ಉಳಿಗೆ ಇಷ್ಟು ರಂಪವೇ ಎಂದು ಕೆಲವರು ನಕ್ಕರು.

"ಯಾರ ಮ್ಯಾಲ ಅನುಮಾನ ಐತಿ ನಿನಗ?" ಎಂದು ಗೌಡ ಕೇಳಿದ.

"ಗೋಣೆಪ್ಪನ ಮ್ಯಾಲ್ರಿ. ಹೊಳಿ ದಂಡಿಯಿಂದ ಅವನ ಕಣ್ಣು ನಮ್ಮ ಚೀಲದ ಮ್ಯಾಲ ಐತಿ. ನಿನ್ನೆ ಚೀಲದ ಮಗ್ಗಲಕ್ಕ ಕುಂತಾವ ಅವನ."

ಗೋಣೆಪ್ಪನನ್ನು ಕರೆತಂದರು. ತಲೆಯ ರುಮಾಲು ತೆಗೆದು ಕೈಯಲ್ಲಿ ಹಿಡಿದು ನಿಂತ.

"ತಗೊಂಡಿಯೇನಲೇ?"

"ಇಲ್ರಿ ಗೌಡ್ರ."

"ಹಂಗಾರ ಎಲ್ಲಿ ಹೋತು?"

ಗೋಣೆಪ್ಪ ಕೈಯಲ್ಲಿದ್ದ ರುಮಾಲನ್ನು ಹಿಂಡಿದ. "ನಾ ತಗೊಂಡಿಲ್ರಿ. ಇದಕ್ಕಿಂತ ಹೆಚ್ಚಿಂದು ನನ್ನ ಕೇಳಬ್ಯಾಡ್ರಿ," ಎಂದ.

ಇಂಥ ಮಾತು ಕೇಳಿದ ಮೇಲೆ ಯಾವ ಪಾಟೀಲ ಸುಮ್ಮನಿರುತ್ತಾನೆ? ಗೌಡ ಕಣ್ಣು ಸನ್ನೆ ಮಾಡಿದ. ತಳವಾರ ಹುಸೇನಪ್ಪ ಬೆತ್ತ ಎತ್ತಿದ. ಎರಡು ಏಟು ಬೆನ್ನಿಗೆ ಬಿದ್ದವು. ಗೋಣೆಪ್ಪ ಕೂಗಲಿಲ್ಲ. ಉಡಚಮ್ಮನ ಕಡೆ ಒಮ್ಮೆ ನೋಡಿದ. ಆ ನೋಟದಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದರೆ ಅವಳಿಗೆ ಎಷ್ಟೋ ಹಗುರವಾಗುತ್ತಿತ್ತು.

ಮೂರನೆಯ ಏಟಿಗೆ ಬೆತ್ತ ಮೇಲೆದ್ದಾಗ ಜನರ ಹಿಂದಿನಿಂದ ಓಬಳೆಪ್ಪ ನುಗ್ಗಿ ಬಂದ. ಗಣಿಯಿಂದ ಬರುವ ದಾರಿಯಲ್ಲೇ ಯಾರೋ ಸುದ್ದಿ ಹೇಳಿದ್ದರು, ಓಡಿ ಓಡಿ ಏದುಸಿರು ಬಿಡುತ್ತಿದ್ದ.

"ಹೊಡೀಬ್ಯಾಡ್ರಿ! ಉಳಿ ನಾನ ಇಟ್ಟು ಬಂದೀನ್ರಿ! ಇಟಗಿ ಗುಡ್ಯಾಗ!"

ಹುಸೇನಪ್ಪ ಬೆತ್ತ ಇಳಿಸಿದ.

"ಅದು ನಮ್ಮಪ್ಪನ ಉಳಿರಿ," ಎಂದ ಓಬಳೆಪ್ಪ. "ಕಳ್ಳತನದ ಹೆಸರು ಹೊತ್ತ ಉಳಿ. ಅವ ಕದ್ದಾವಲ್ಲ, ಆದ್ರ ಹೆಸರು ಹೋಗಲಿಲ್ಲ. ಅದನ್ನ ಹಿಡದು ನನಗ ಕೆಲಸ ಮಾಡಾಕ ಆಗ್ತಿರಲಿಲ್ರಿ. ಆ ಗುಡಿ ನೋಡಿದ ಮ್ಯಾಲ, ಅಂಥಾ ಕೈಗೋಳು ಕೆಲಸ ಮಾಡಿದ ಜಾಗದಾಗ ಇಟ್ರ ಅಪ್ಪನ ಹೆಸರು ಚೊಕ್ಕ ಆಗತೈತಿ ಅನಿಸ್ತು. ನಮ್ಮಾಕಿಗೆ ಹೇಳಿದ್ರ ಬಿಡ್ತಿರಲಿಲ್ಲ. ಯಾರಿಗೂ ಹೇಳಬ್ಯಾಡ ಅಂತ ಗೋಣೆಪ್ಪಣ್ಣನ ಕಡಿಂದ ಭಾಷಿ ತಗೊಂಡಿದ್ದೆ."

"ಖರೇನಲೇ?" ಎಂದು ಗೌಡ ಗೋಣೆಪ್ಪನನ್ನು ಕೇಳಿದ.

"ಖರೇರಿ. ಕಂಬದ ಬುಡಕ ಇಟ್ಟು, ನೆಲಕ್ಕ ಹಣಿ ಹಚ್ಚಿ ಅತ್ತ. ನಾ ನೋಡೀನಿ," ಎಂದ ಗೋಣೆಪ್ಪ.

ಆದರೆ ಅನುಮಾನವೆಂಬುದನ್ನು ಒಮ್ಮೆ ಹೊರಗೆ ಬಿಟ್ಟರೆ ಅದು ಮಾಲೀಕಳ ಮಾತನ್ನೂ ಕೇಳುವುದಿಲ್ಲ. ಗೌಡನ ಕಣ್ಣು ಸಣ್ಣಗಾದವು.

"ಗುಡ್ಯಾಗ ಉಳಿ ಇಟ್ಟು ಬರೋ ಮಂದೀನ ನಾ ಇವತ್ತಿನತನಕ ಕಂಡಿಲ್ಲ," ಎಂದ. "ನಿಧಿ ಅಗಿಯೋರು ಗುರುತಿಗೆ ಇಡ್ತಾರ ಅಂತ ಕೇಳೀನಿ. ಹುಸೇನಪ್ಪಾ, ಇವರ ಸಂಗಾಟ ಹೋಗು. ಉಳಿ ಇಟ್ಟಲ್ಲೇ ಇದ್ದು, ಸುತ್ತ ನೆಲ ಹೆಂಗಿತ್ತೋ ಹಂಗಿದ್ರ ಬಾವಿ ಕಟ್ಟಲಿ. ಇಲ್ಲಾಂದ್ರ ಪೊಲೀಸ್ ಅಮೀನಸಾಹೇಬ್ರ ಮುಂದ ನಿಂದರಲಿ."

ಹಂಪವ್ವನನ್ನು ಹಜರತಬೀಯ ಮನೆಯಲ್ಲಿ ಬಿಟ್ಟು ಹೊರಟರು. ಅದೇ ಗಾಡಿ, ಅದೇ ದಾರಿ. ಈ ಸಲ ಯಾರೂ ಕೈ ತೋರಿಸಿ ಅದು ನೋಡ್ರಿ ಇದು ನೋಡ್ರಿ ಎನ್ನಲಿಲ್ಲ. ಹುಸೇನಪ್ಪ ಬೆತ್ತ ತೊಡೆಯ ಮೇಲಿಟ್ಟುಕೊಂಡು ಕುಳಿತಿದ್ದ. ಗೋಣೆಪ್ಪ ಬೆನ್ನು ಆನಿಸಲಾಗದೆ ಮುಂದಕ್ಕೆ ಬಾಗಿ ಎತ್ತು ಹೊಡೆಯುತ್ತಿದ್ದ. ಅಂಗಿಯ ಮೇಲೆ ಎರಡು ಗೆರೆ ಕೆಂಪಾಗಿದ್ದವು. ಹನ್ನೊಂದು ಉಳಿಗಳ ಚೀಲ ತೊಡೆಯ ಮೇಲಿದ್ದರೂ ಉಡಚಮ್ಮನ ಕಣ್ಣು ಅಲ್ಲಿಯೇ ನೆಟ್ಟಿತ್ತು.

"ನನ್ನ ಮುಂದ ಯಾಕ ಹೇಳಲಿಲ್ಲ?" ಎಂದು ಗಂಡನನ್ನು ಮೆಲ್ಲಗೆ ಕೇಳಿದಳು.

"ನೀ ಎಣಸ್ತೀಯಲ್ಲ," ಎಂದ ಓಬಳೆಪ್ಪ. "ನಾಲ್ಕು ವರ್ಸದಿಂದ ನಿನ್ನ ಬಾಯಾಗ ಹನ್ನೆರಡು ಬಿಟ್ಟು ಬ್ಯಾರೆ ಮಾತಿಲ್ಲ. ಎಣಸಿದಾಗ ಗೊತ್ತಾಗತೈತಿ, ಮರುದಿನ ಬಂದು ಸಮಾಧಾನ ಹೇಳಿದ್ರಾತು ಅಂದ್ಕೊಂಡಿದ್ದೆ. ನೀ ಚಾವಡಿಗೆ ಹೋಗತಿ ಅಂತ ನನಗೇನ ಗೊತ್ತು?"

ಉಳಿ ಅಲ್ಲಿ ಇಲ್ಲದಿದ್ದರೆ ಎಂಬ ಒಂದೇ ಯೋಚನೆ ಉಡಚಮ್ಮನ ತಲೆಯನ್ನು ಕೊರೆಯುತ್ತಿತ್ತು. ಆಡು ಕಾಯುವವರು, ಹೋಗಿ ಬರುವವರು, ಯಾರಾದರೂ ಒಯ್ದಿರಬಹುದು. ಬಯಲಲ್ಲಿ ಬಿಟ್ಟ ಕಬ್ಬಿಣ ಒಂದು ರಾತ್ರಿ ಉಳಿಯುತ್ತದೆಯೆ? ಈ ಲೋಕವನ್ನು ಅವಳು ಕಂಡಿರಲಿಲ್ಲವೆ?

ಉಳಿ ಇತ್ತು.

ಕಂಬದ ಬುಡದಲ್ಲಿ, ಇಟ್ಟಲ್ಲೇ ಇತ್ತು. ಆದರೆ ಇಟ್ಟ ಹಾಗಿರಲಿಲ್ಲ. ತೊಳೆದು, ಎಣ್ಣೆ ಹಚ್ಚಿ, ಕುಂಕುಮ ಇಟ್ಟು, ಮೇಲೊಂದು ಕಣಗಿಲ ಹೂ ಏರಿಸಿದ್ದರು. ಗುಡಿಯ ಕಸ ಗುಡಿಸುವ ಮುದುಕಿ ಪಕ್ಕೀರವ್ವ ಪೊರಕೆ ಹಿಡಿದು ಬಂದಳು.

"ಇದಕ್ಕ ಹೂವು ಯಾರು ಏರಿಸ್ಯಾರ?" ಎಂದು ಹುಸೇನಪ್ಪ ಗದರಿದ.

"ನಾನ. ಯಾರೋ ಪುಣ್ಯಾತ್ಮರು ಇಟ್ಟು ಹೋಗ್ಯಾರ ಅಂತ ಏರಿಸೀನಿ."

"ಪುಣ್ಯಾತ್ಮರೋ ಕಳ್ಳರೋ, ನಿನಗೆ ಹೆಂಗ ಗೊತ್ತಬೇ?"

ಪಕ್ಕೀರವ್ವ ಅವನನ್ನು ಮೇಲಿನಿಂದ ಕೆಳಗೆ ನೋಡಿದಳು. "ಇಷ್ಟು ವಯಸ್ಸಾಗೈತಿ, ಇದೂ ತಿಳೀದೇನು ನಿನಗ? ಕಳ್ಳರು ಒಯ್ತಾರೋ ಯಪ್ಪಾ, ಇಟ್ಟು ಹೋಗಾಂಗಿಲ್ಲ," ಎಂದು ತನ್ನ ಪಾಡಿಗೆ ಕಸ ಗುಡಿಸತೊಡಗಿದಳು.

ಓಬಳೆಪ್ಪ ಕಂಬಕ್ಕೆ ಮುಖ ತಿರುಗಿಸಿದ. ಅವನ ಭುಜ ಅಲುಗುತ್ತಿತ್ತು. ನಾಲ್ಕು ವರ್ಷ ಯಾವ ಕಚೇರಿಯೂ ಹೇಳದ ಮಾತನ್ನು ಪೊರಕೆ ಹಿಡಿದ ಒಬ್ಬ ಮುದುಕಿ ಹೇಳಿಬಿಟ್ಟಿದ್ದಳು. ಉಡಚಮ್ಮನಿಗೂ ಅಳು ತಡೆಯಲಾಗಲಿಲ್ಲ; ಮಾವ ಸತ್ತಾಗ ಕೂಡ ಅವಳು ಇಷ್ಟು ಅತ್ತಿರಲಿಲ್ಲ.

ಹುಸೇನಪ್ಪ ಸುತ್ತ ನೆಲವನ್ನು ಬೆತ್ತದಿಂದ ತಟ್ಟಿ ನೋಡಿದ. ಒಂದು ಹಿಡಿ ಮಣ್ಣೂ ಅಲುಗಿರಲಿಲ್ಲ. "ಆತು. ನಾ ಕಂಡೀನಿ, ಗೌಡ್ರಿಗೆ ಹೇಳತೀನಿ," ಎಂದ. "ನಿಮ್ಮ ಉಳಿ ತಗೊಂಡು ನಡೀರಿನ್ನ."

ಓಬಳೆಪ್ಪ ಹೆಂಡತಿಯ ಮುಖ ನೋಡಿದ. ಅವಳ ಕೈ ಸೆರಗಿನ ಗಂಟಿಗೆ ಹೋಯಿತು. ಒಳಗೆ ನಾಕೆಯ ಚೀಟಿ. ಒಂದು ಕಡಿಮೆಯಾದರೂ ದಾಟಿಸುವುದಿಲ್ಲ ಎಂದಿದ್ದ ಜವಾನ. ಇದನ್ನು ಎತ್ತಿ ಚೀಲಕ್ಕೆ ಹಾಕಿದರೆ ಬೇಕೆಂದ ದಿನ ಹೊಳೆ ದಾಟಬಹುದು. ಬಿಟ್ಟರೆ ಹಿಂದಿನ ದಾರಿ ಮುಚ್ಚಿದಂತೆ. ಅವಳು ಬಗ್ಗಿದಳು. ಉಳಿಯನ್ನು ಎತ್ತಲಿಲ್ಲ; ಜಾರಿದ್ದ ಹೂವನ್ನು ಸರಿಯಾಗಿ ಏರಿಸಿದಳು.

"ಇರಲಿ ಬಿಡ್ರಿ," ಎಂದಳು. "ಮಾವನೋರು ಛಲೋ ಜಾಗದಾಗ ಅದಾರ."

ಊರು ಹತ್ತಿರವಾದಾಗ ಅವಳು ಗಾಡಿಯ ಮುಂದಿನ ಮೂಕಿಯ ಕಡೆ ಸರಿದು ಕುಳಿತಳು.

"ಗೋಣೆಪ್ಪಣ್ಣಾ, ತಪ್ಪಾತು. ಎರಡು ಏಟು ತಿಂದ್ರೆಲ್ಲಾ, ಹೇಳಬಾರದಾಗಿತ್ತೇನು?"

"ಭಾಷಿ ಕೊಟ್ಟಿದ್ದೆ ತಂಗೆವ್ವಾ."

"ಮತ್ತ ಆ ಚೀಲ ಯಾಕ ಅಷ್ಟು ನೋಡತಿದ್ರಿ?"

ಗೋಣೆಪ್ಪನಿಗೆ ಏಟು ತಿನ್ನುವಾಗ ಬಾರದ ನಾಚಿಕೆ ಈಗ ಬಂತು. "ನಮ್ಮ ಮನಿ ಬೀಸುಕಲ್ಲು ಸವದು ಮೂರು ವರ್ಸಾತು. ಜ್ವಾಳ ಹಾಕಿದ್ರ ಹೆಂಗೈತೋ ಹಂಗ ಹೊರಗ ಬರತೈತಿ. ನೀವು ಕಲ್ಲಿಗೆ ಹಲ್ಲು ಹಾಕತೀರಿ ಅಂತ ಗೌಡ್ರು ಹೇಳಿದ್ರು. ಕೇಳಬೇಕು ಅಂತಿದ್ದೆ. ಬಂದ ದಿನಾನ ಕೆಲಸ ಹಚ್ಚಿದ್ರ ಏನು ತಿಳ್ಕೋತೀರೋ ಅಂತ ಸುಮ್ಮಾದೆ," ಎಂದ.

ಉಡಚಮ್ಮ ಮನೆಗೆ ಹೋಗಲಿಲ್ಲ. ನೇರ ಗೋಣೆಪ್ಪನ ಅಂಗಳಕ್ಕೆ ಹೋಗಿ, ಅವನ ಹೆಂಡತಿ ಭೀಮಕ್ಕ ಬೇಡ ಬೇಡ ಎಂದರೂ ಕೇಳದೆ, ಬೀಸುಕಲ್ಲಿನ ಎರಡೂ ಹೋಳು ಬಿಡಿಸಿ ಕಾಲು ಚಾಚಿ ಕುಳಿತಳು. ಒಂದು ಉಳಿ, ಒಂದು ಸುತ್ತಿಗೆ ಆರಿಸಿಕೊಂಡಳು. ಉಳಿದವು ಚೀಲದಲ್ಲೇ ಇದ್ದವು. ಕಲ್ಲಿನ ಪುಡಿ ಹಾರಿ ಅವಳ ಹುಬ್ಬು ಬೆಳ್ಳಗಾಯಿತು. ಹೊತ್ತು ಮುಳುಗುವಾಗ ಭೀಮಕ್ಕ ಹಿಡಿ ಜೋಳ ಹಾಕಿ ತಿರುವಿದಳು. ಹಿಟ್ಟು ನಯವಾಗಿ ಸುರಿಯಿತು. ಹೊಸ ಕಲ್ಲಿನ ಪುಡಿ ಹೋಗಲೆಂದು ಮೊದಲನೆಯ ಹಿಟ್ಟನ್ನು ಎತ್ತಿಗೆ ಎತ್ತಿಟ್ಟರು.

ಹಜರತಬೀಯ ಮನೆಯಲ್ಲಿ ದೀಪ ಹಚ್ಚಿದ್ದು ಕಂಡು ಹಂಪವ್ವ ಓಡಿಬಂದಳು.

"ಅವ್ವಾ, ದೀಪ ಹಚ್ಚೂ ಹೊತ್ತಾತು. ಉಳಿ ಎಣಸೂದಿಲ್ಲೇನು?"

ಉಡಚಮ್ಮ ಕೈಯಲ್ಲಿದ್ದ ಉಳಿಯನ್ನು ಒರೆಸಿ ಚೀಲಕ್ಕೆ ಹಾಕಿದಳು. ಬಾಯಿ ಕಟ್ಟಿ, ಬಾಗಿಲಲ್ಲಿ ನಿಂತಿದ್ದ ಗೋಣೆಪ್ಪನ ಕೈಗೆ ಚೀಲವನ್ನು ಕೊಟ್ಟಳು.

"ಅಮಾಸಿ ಕಳದ ಮ್ಯಾಲ ಬಾವಿ ಕಡೆ ಗಾಡಿ ತರ್ತೀರೆಲ್ಲಾ, ಆವಾಗ ತಗೊಂಡು ಬರ್ರಿ ಅಣ್ಣಾ," ಎಂದಳು. ಆಮೇಲೆ ಮಗಳ ಕೈ ಹಿಡಿದು, ಬರಿದಾದ ತಲೆಯ ಮೇಲೆ ಸೆರಗು ಎಳೆದುಕೊಂಡು, ಮನೆಯ ಕಡೆ ನಡೆದಳು.